ಹುಡುಗರ ಏಳುಬೀಳು, ಒಂದು ಊರಿನ ತಾಳ್ಮೆ

(ಮೇರಿಲ್ಯಾಂಡಿನಲ್ಲಿ ನೆಲೆಸಿರುವ ಕನ್ನಡಿಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಾಲ್ಟಿಮೋರ್ ಓರಿಯೋಲ್ಸ್ ಎಂಬ ಬೇಸ್‌ಬಾಲ್ ತಂಡದ ಅಭಿಮಾನಿಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅವರ ಚರಿತ್ರೆಯ ಎರಡು ದಿನಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಮೊದಲನೆಯದು 1988ರ ಮೇ 2. ಆ ವರ್ಷ ತಂಡವು ಆರಂಭದ 21 ಪಂದ್ಯಗಳನ್ನು ಸಾಲಾಗಿ ಸೋತು, ಒಟ್ಟು 24ರಲ್ಲಿ ಒಂದನ್ನು ಮಾತ್ರ ಗೆದ್ದು ಊರಿಗೆ ಮರಳಿತ್ತು. ಅಂಥ ತಂಡವನ್ನು ಬರಮಾಡಿಕೊಳ್ಳಲು ಅಂದಿನ ಮೆಮೋರಿಯಲ್ ಸ್ಟೇಡಿಯಂಗೆ 50,402 ಜನ ಬಂದರು. ಎರಡನೆಯದು 2006ರ ಸೆಪ್ಟೆಂಬರ್ 21. ಆ ದಿನ ಕ್ಯಾಮ್ಡೆನ್ ಯಾರ್ಡ್ಸ್ ಕ್ರೀಡಾಂಗಣದಲ್ಲಿ ಪಂದ್ಯ ಇನ್ನೂ ನಡೆಯುತ್ತಿರುವಾಗಲೇ, ಸಂಜೆ 5 ಗಂಟೆ 8 ನಿಮಿಷಕ್ಕೆ ಸರಿಯಾಗಿ, ಅಭಿಮಾನಿಗಳ ದೊಡ್ಡ ಗುಂಪೊಂದು ಆಸನಗಳಿಂದ ಎದ್ದು ಹೊರನಡೆಯಿತು. 5 ಎಂಬುದು ಬ್ರೂಕ್ಸ್ ರಾಬಿನ್‌ಸನ್ ಅವರ ಅಂಗಿಯ ಸಂಖ್ಯೆ, 8 ಎಂಬುದು ಕ್ಯಾಲ್ ರಿಪ್ಕನ್ ಜೂನಿಯರ್ ಅವರದ್ದು. ಊರು ಎದೆಯಲ್ಲಿಟ್ಟುಕೊಂಡ ಇಬ್ಬರು ಆಟಗಾರರ ಹೆಸರಿನಲ್ಲಿ ಊರಿನ ತಂಡವನ್ನೇ ಬಿಟ್ಟು ಎದ್ದು ಹೋದ ಪ್ರತಿಭಟನೆ ಅದು.

ಎರಡೂ ಸಂದರ್ಭಗಳಲ್ಲಿ ತಂಡ ಸೋಲುತ್ತಲೇ ಇತ್ತು. ಲೆಕ್ಕಕ್ಕೆ ತೆಗೆದುಕೊಂಡರೆ 1988ರ ಸೋಲೇ ಹೆಚ್ಚು ಹೀನಾಯವಾದದ್ದು. ಹಾಗಿದ್ದೂ ಒಮ್ಮೆ ತುಂಬಿ ಬಂದ ಜನ ಇನ್ನೊಮ್ಮೆ ಎದ್ದು ಹೋದದ್ದೇಕೆ? ನನ್ನ ಉತ್ತರ ಇದು: ಈ ಊರಿನ ಜನ ತಮ್ಮ ತಾಳ್ಮೆಯನ್ನು ಆಟಗಾರರಿಗೆ ಕೊಟ್ಟಿದ್ದಾರೆ, ಆಡಳಿತಕ್ಕೆ ಎಂದೂ ಕೊಟ್ಟಿಲ್ಲ. ಮೈದಾನದಲ್ಲಿ ಬೆವರು ಸುರಿಸುವ ಹುಡುಗ ಸೋತರೆ ಕಾಯುತ್ತಾರೆ. ಹುಡುಗರನ್ನು ಬೆಳೆಸುವ, ಉಳಿಸಿಕೊಳ್ಳುವ ಹೊಣೆ ಹೊತ್ತವರು ಸೋತರೆ ಲೆಕ್ಕ ಕೇಳುತ್ತಾರೆ. ಕಳೆದ ಏಳೆಂಟು ವರ್ಷಗಳಲ್ಲಿ ಈ ತಂಡ ಕಂಡ ಏರಿಳಿತದಲ್ಲಿಯೂ ಈ ವಿವೇಕವೇ ಕೆಲಸ ಮಾಡಿದೆ ಎಂದು ನಾನು ನಂಬಿದ್ದೇನೆ.

1988ರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಅದಕ್ಕೆ ನಾಲ್ಕು ವರ್ಷ ಮೊದಲು, 1984ರ ಮಾರ್ಚ್ ತಿಂಗಳ ಒಂದು ರಾತ್ರಿ, ಬಾಲ್ಟಿಮೋರಿನ ಫುಟ್‌ಬಾಲ್ ತಂಡವಾದ ಕೋಲ್ಟ್ಸ್ ತನ್ನ ಸಾಮಾನು ಸರಂಜಾಮನ್ನೆಲ್ಲ ಲಾರಿಗಳಿಗೆ ತುಂಬಿಕೊಂಡು ಇಂಡಿಯಾನಾಪೊಲಿಸ್‌ಗೆ ಹೊರಟುಹೋಗಿತ್ತು. ಬೆಳಗಾಗುವಷ್ಟರಲ್ಲಿ ಊರಿಗೆ ಫುಟ್‌ಬಾಲ್ ತಂಡವೇ ಇರಲಿಲ್ಲ. ಉಳಿದಿರುವುದೊಂದೇ ತಂಡ, ಅದೂ ಕೈತಪ್ಪೀತು ಎಂಬ ಭಯ 1988ರಲ್ಲಿ ಇನ್ನೂ ಹಸಿಯಾಗಿತ್ತು. ಆ ರಾತ್ರಿ ಕ್ರೀಡಾಂಗಣ ತುಂಬಿದ್ದಕ್ಕೆ ಆ ಭಯವೂ ಕಾರಣ. ಊರಿನಲ್ಲಿ ಹೊಸ ಕ್ರೀಡಾಂಗಣ ಕಟ್ಟಿಸಿ ತಂಡವನ್ನು ಉಳಿಸಿಕೊಳ್ಳುವ ಒಪ್ಪಂದವನ್ನು ಪ್ರಕಟಿಸಿದ್ದೂ ಅದೇ ರಾತ್ರಿ. ಮರುವರ್ಷ ಬಹುಪಾಲು ಎಳೆಯರಿಂದಲೇ ಕೂಡಿದ ತಂಡ, ‘ಯಾಕಾಗಬಾರದು?’ ಎಂಬ ಘೋಷಣೆಯೊಡನೆ 87 ಪಂದ್ಯ ಗೆದ್ದು, ಸೀಸನ್ನಿನ ಕೊನೆಯ ವಾರಾಂತ್ಯದವರೆಗೂ ಟೊರೊಂಟೊ ತಂಡದೊಡನೆ ಮೊದಲ ಸ್ಥಾನಕ್ಕೆ ಹೋರಾಡಿ ಸೋತಿತು. ಆಗ ಹರೆಯದಲ್ಲಿದ್ದವರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ಪ್ರಶಸ್ತಿ ಬಾರದ ಆ ವರ್ಷವನ್ನು ಅವರು ಈಗಲೂ ಕಣ್ಣರಳಿಸಿ ನೆನೆಯುತ್ತಾರೆ.

1998ರಿಂದ 2011ರವರೆಗೆ ಹದಿನಾಲ್ಕು ವರ್ಷ ತಂಡವು ಗೆದ್ದದ್ದಕ್ಕಿಂತ ಹೆಚ್ಚು ಸೋತಿತು. ಆ ದೀರ್ಘ ಕಾಲವನ್ನು ವಿವರಿಸುವ ಅಗತ್ಯವಿಲ್ಲ. ಸೋಲಿನ ಹಿಂದೆ ಯಾವ ದಾರಿಯೂ ಜನರಿಗೆ ಕಾಣಿಸುತ್ತಿರಲಿಲ್ಲ ಎಂಬಷ್ಟು ಸಾಕು. 2006ರ ನಿರ್ಗಮನ ಆ ಕತ್ತಲಿನ ನಡುವಿನದು. 2012ರಿಂದ ಕೆಲವು ಒಳ್ಳೆಯ ವರ್ಷಗಳು ಬಂದವು, 2014ರಲ್ಲಿ ವಿಭಾಗದ (ಲೀಗಿನೊಳಗಿನ ಐದು ತಂಡಗಳ ಗುಂಪಿನ) ಪ್ರಶಸ್ತಿಯೂ ಬಂತು. ಆದರೆ 2018ರಲ್ಲಿ ತಂಡ ಮತ್ತೆ ತಳ ಕಂಡಿತು: 47 ಗೆಲುವು, 115 ಸೋಲು. ವಿಭಾಗದಲ್ಲಿ ಮೊದಲನೆಯದಾಗಿದ್ದ ಬಾಸ್ಟನ್ ತಂಡಕ್ಕಿಂತ 61 ಪಂದ್ಯಗಳಷ್ಟು ಹಿಂದೆ. ಇಪ್ಪತ್ತರ ಹರೆಯದಲ್ಲೇ ಊರಿನ ಕಣ್ಮಣಿಯಾಗಿದ್ದ ಮ್ಯಾನಿ ಮಚಾಡೊ ಅವರನ್ನು ಜುಲೈಯಲ್ಲಿಯೇ ಲಾಸ್ ಏಂಜಲಿಸ್‌ಗೆ ಕೊಟ್ಟು, ಬದಲಿಗೆ ಐವರು ಹೊಸಬರನ್ನು ಪಡೆಯಲಾಯಿತು. ನವೆಂಬರಿನಲ್ಲಿ ಮೈಕ್ ಇಲಾಯಸ್ ಎಂಬವರು ತಂಡದ ಸಂಯೋಜನೆಯ ಹೊಣೆ ಹೊತ್ತು ಬಂದರು. ತಳಪಾಯದಿಂದಲೇ ಮತ್ತೆ ಕಟ್ಟುವ ಕೆಲಸ ಆರಂಭವಾಯಿತು.

ಈ ‘ಮತ್ತೆ ಕಟ್ಟುವುದು’ ಹೇಗೆ ನಡೆಯುತ್ತದೆ ಎಂಬುದು ಇಲ್ಲಿರುವ ಎಲ್ಲರಿಗೂ ಪರಿಚಿತವಿರಲಾರದು. ಅಮೆರಿಕದ ಬೇಸ್‌ಬಾಲಿನಲ್ಲಿ ಪ್ರತಿ ವರ್ಷ ಶಾಲಾ ಕಾಲೇಜುಗಳ ಪ್ರತಿಭಾವಂತರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಇದನ್ನೇ ಡ್ರಾಫ್ಟ್ ಎನ್ನುತ್ತಾರೆ. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ ಸಿಗುತ್ತಿತ್ತು; 2023ರ ಡ್ರಾಫ್ಟಿನಿಂದ ಮೊದಲ ಕೆಲವು ಸ್ಥಾನಗಳನ್ನು ಲಾಟರಿ ಎತ್ತಿ ಹಂಚುತ್ತಿದ್ದಾರೆ. ಹೀಗೆ ಆಯ್ಕೆಯಾದ ಹುಡುಗ ನೇರವಾಗಿ ದೊಡ್ಡ ತಂಡಕ್ಕೆ ಬರುವುದಿಲ್ಲ. ಓರಿಯೋಲ್ಸ್ ಮಟ್ಟಿಗೆ ಹೇಳುವುದಾದರೆ ಸಾಲ್ಸ್‌ಬರಿ, ಏಬರ್ಡೀನ್ (2026ರಿಂದ ಅದರ ಬದಲಿಗೆ ಫ್ರೆಡರಿಕ್), ಬೋವಿ, ನಾರ್ಫಕ್ ಊರುಗಳ ಮೈನರ್ ಲೀಗ್ ತಂಡಗಳಲ್ಲಿ ಒಂದೊಂದೇ ಮೆಟ್ಟಿಲು ಹತ್ತಿ, ಹಲವು ವರ್ಷ ಬಸ್ಸಿನಲ್ಲಿ ಊರೂರು ತಿರುಗಿ ಮೇಲೆ ಬರುತ್ತಾನೆ. ಬಂದ ಮೇಲೆ ಆರು ಪೂರ್ಣ ವರ್ಷಗಳ ಆಟ ಮುಗಿಯುವವರೆಗೆ ಅವನ ಮೇಲಿನ ಹಕ್ಕು ತಂಡದ್ದೇ. ಮೊದಲ ಮೂರು ವರ್ಷ ಸಾಮಾನ್ಯವಾಗಿ ಕನಿಷ್ಠ ಸಂಬಳದ ಆಸುಪಾಸಿನಲ್ಲಿಯೇ ಆಡಬೇಕು. ಆಡಳಿತದ ಕಣ್ಣಿನಲ್ಲಿ ಎಳೆಯ ಆಟಗಾರನೆಂದರೆ ಕಡಿಮೆ ವೆಚ್ಚದ ಆರು ವರ್ಷ. ಅಭಿಮಾನಿಯ ಕಣ್ಣಿನಲ್ಲಿ ಅವನು ಬೇರೆಯೇ. ಏಬರ್ಡೀನಿನ ಚಿಕ್ಕ ಕ್ರೀಡಾಂಗಣದಲ್ಲಿ ಕೈಗೆಟಕುವಷ್ಟು ಹತ್ತಿರದಿಂದ ಕಂಡ ಮುಖ ಅದು. ಮಗನ ಚೆಂಡಿನ ಮೇಲೆ ಸಹಿ ಹಾಕಿಕೊಟ್ಟ ಕೈ ಅದು. ಹತ್ತೊಂಬತ್ತರ ಪ್ರಾಯದಲ್ಲಿ ಅವನು ತಿರುಗುಚೆಂಡಿಗೆ ಹೇಗೆ ತಡಬಡಾಯಿಸುತ್ತಿದ್ದ, ಇಪ್ಪತ್ತೊಂದಕ್ಕೆ ಹೇಗೆ ಅದಕ್ಕೆ ಬ್ಯಾಟು ಬೀಸದೆ ಬಿಡಲು ಕಲಿತ ಎಂಬುದನ್ನು ಬೋವಿಗೆ ಕಾರು ಓಡಿಸಿಕೊಂಡು ಹೋಗಿ ನೋಡಿದವರು ಬಲ್ಲರು. ಈ ತಿಳಿವಳಿಕೆ ಯಾವ ಅಂಕಪಟ್ಟಿಯಲ್ಲಿಯೂ ಇರುವುದಿಲ್ಲ. ಅದನ್ನು ನಾನು ನಿಜವಾದ ಜ್ಞಾನವೆಂದೇ ಗೌರವಿಸುತ್ತೇನೆ.

2019ರಲ್ಲಿ 108 ಸೋಲು. 2021ರಲ್ಲಿ 110 ಸೋಲು, ಅದರಲ್ಲಿ ಆಗಸ್ಟಿನ 19 ಸೋಲುಗಳು ಸಾಲಾಗಿ ಬಂದವು. ಇಂಥ ದಿನಗಳಲ್ಲಿ ಜನರನ್ನು ಹಿಡಿದಿಟ್ಟದ್ದು ಯೋಜನೆಯ ಮೇಲಿನ ನಂಬಿಕೆ ಎಂದು ಪತ್ರಿಕೆಗಳು ಬರೆದವು. ನನಗೆ ಹಾಗೆ ಅನ್ನಿಸುವುದಿಲ್ಲ. ಅವರನ್ನು ಹಿಡಿದಿಟ್ಟವರು ಮನುಷ್ಯರು, ಅವರಲ್ಲಿಯೂ ಮುಖ್ಯವಾಗಿ ತಂಡದ ಬ್ಯಾಟರ್ ಟ್ರೇ ಮ್ಯಾನ್ಸೀನಿ. 2020ರ ಮಾರ್ಚಿನಲ್ಲಿ ಅವರಿಗೆ ದೊಡ್ಡಕರುಳಿನ ಕ್ಯಾನ್ಸರ್ ಪತ್ತೆಯಾಯಿತು. ಆ ವರ್ಷವಿಡೀ ಚಿಕಿತ್ಸೆ ಪಡೆದು 2021ರಲ್ಲಿ ಅವರು ಮರಳಿ ಬ್ಯಾಟು ಹಿಡಿದಾಗ ಕ್ರೀಡಾಂಗಣ ಎದ್ದು ನಿಂತಿತು. ಇದೇ ಕಾಲದಲ್ಲಿ ಬಾಲ್ಟಿಮೋರಿನ ಅತ್ಯಂತ ಪ್ರಸಿದ್ಧ ಅಭಿಮಾನಿಯೆಂದರೆ ಮೋ ಗಾಬಾ ಎಂಬ ಬಾಲಕ. ಶೈಶವದಲ್ಲಿಯೇ ಕ್ಯಾನ್ಸರಿನಿಂದ ಎರಡೂ ಕಣ್ಣು ಕಳೆದುಕೊಂಡಿದ್ದ ಆತ ರೇಡಿಯೊ ಕಾರ್ಯಕ್ರಮಗಳಿಗೆ ಕರೆ ಮಾಡಿ ತಂಡದ ಬಗ್ಗೆ ಮಾತನಾಡುತ್ತ ಊರಿಗೆಲ್ಲ ಬೇಕಾದವನಾಗಿದ್ದ. 2019ರ ಏಪ್ರಿಲಿನಲ್ಲಿ ಊರಿನ ಈಗಿನ ಫುಟ್‌ಬಾಲ್ ತಂಡವಾದ ರೇವನ್ಸ್‌ನ ಡ್ರಾಫ್ಟ್ ಆಯ್ಕೆಯೊಂದನ್ನು ಬ್ರೈಲ್ ಲಿಪಿಯ ಕಾರ್ಡ್ ಓದಿ ಪ್ರಕಟಿಸಿದ. ಮ್ಯಾನ್ಸೀನಿ ಅವನ ಆಪ್ತರು. ಓರಿಯೋಲ್ಸ್ ತನ್ನ ಗೌರವ ಪಟ್ಟಿಗೆ ಆ ಹುಡುಗನನ್ನು ಸೇರಿಸಿದ 2020ರ ಜುಲೈ 28ರಂದೇ ಅವನು ತೀರಿಕೊಂಡ. ಅವನಿಗೆ ಹದಿನಾಲ್ಕು ವರ್ಷ.

ಸರಿಯಾಗಿ ಎರಡು ವರ್ಷಗಳ ನಂತರ, 2022ರ ಜುಲೈ 28ರಂದು, ತಂಡವು ಅವನ ನೆನಪಿನ ದಿನವನ್ನು ಆಚರಿಸುತ್ತಿತ್ತು. ಮ್ಯಾನ್ಸೀನಿ ಅವರನ್ನು ಬೇರೆ ತಂಡಕ್ಕೆ ಕೊಟ್ಟುಬಿಡುತ್ತಾರೆಂಬ ಮಾತು ಆಗಲೇ ಎಲ್ಲೆಡೆ ಹಬ್ಬಿದ್ದರಿಂದ, ಊರಿನಲ್ಲಿ ಇದೇ ಅವರ ಕೊನೆಯ ಪಂದ್ಯವೆಂದು ಬಂದವರಿಗೆಲ್ಲ ಗೊತ್ತಿತ್ತು. ಎಂಟನೆಯ ಇನಿಂಗ್ಸಿನಲ್ಲಿ ಅವರು ಬಲಬದಿಗೆ ಎತ್ತರಕ್ಕೆ ಬಾರಿಸಿದ ಚೆಂಡು ಟ್ಯಾಂಪಾ ಬೇ ತಂಡದ ಫೀಲ್ಡರಿಗೆ ಬಿಸಿಲಿನಲ್ಲಿ ಕಾಣದಾಗಿ, ಅವರ ಮುಖಕ್ಕೆ ಬಡಿದು ದೂರ ಉರುಳಿತು. ಮ್ಯಾನ್ಸೀನಿ ಮೂರೂ ಬೇಸ್ (ಓಟದ ದಾರಿಯ ನಿಲ್ದಾಣಗಳು) ದಾಟಿ ಓಡಿ, ಬ್ಯಾಟು ಬೀಸಿದ್ದ ಜಾಗವಾದ ಹೋಮ್ ಮುಟ್ಟಿದರು. ಸಾಮಾನ್ಯವಾಗಿ ಚೆಂಡು ಗೋಡೆ ದಾಟಿದಾಗ ಸಿಗುವ ಹೋಮ್ ರನ್, ಗೋಡೆ ದಾಟದೆಯೇ ಆಯಿತು. ನಾಲ್ಕು ದಿನಗಳ ನಂತರ ಅವರನ್ನು ಹ್ಯೂಸ್ಟನ್‌ಗೆ ಕೊಡಲಾಯಿತು. ಆಗ ಓರಿಯೋಲ್ಸ್ ಎಷ್ಟೋ ವರ್ಷಗಳ ಬಳಿಕ ಪ್ಲೇಆಫ್ (ಸೀಸನ್ ಮುಗಿದ ಮೇಲಿನ ನಾಕೌಟ್ ಸುತ್ತು) ಸ್ಥಾನಕ್ಕೆ ಕೆಲವೇ ಪಂದ್ಯಗಳ ಅಂತರದಲ್ಲಿತ್ತು. ಬೇಸ್‌ಬಾಲಿನ ವ್ಯವಹಾರ ಬಲ್ಲವರು ಅದನ್ನು ಸರಿಯಾದ ವಿನಿಮಯವೆಂದರು. ಇರಬಹುದು. ಆದರೆ ಅತ್ಯಂತ ಕೆಟ್ಟ ವರ್ಷಗಳಲ್ಲಿ ಜೊತೆಗಿದ್ದವನನ್ನು ಒಳ್ಳೆಯ ದಿನ ಬರುವ ಹೊತ್ತಿಗೆ ಕಳುಹಿಸಿಬಿಟ್ಟರೆಂಬ ನೋವು ಅಭಿಮಾನಿಗಳಲ್ಲಿ ಉಳಿಯಿತು, ಆ ನೋವು ನ್ಯಾಯವಾದದ್ದೆಂದೇ ನನ್ನ ಎಣಿಕೆ.

ಅದೇ ವರ್ಷ ಹುಡುಗರು ಬಂದರು. 2019ರ ಡ್ರಾಫ್ಟಿನ ಮೊಟ್ಟಮೊದಲ ಆಯ್ಕೆಯಾಗಿದ್ದ ಕ್ಯಾಚರ್ (ಬ್ಯಾಟರಿನ ಹಿಂದೆ ಕುಳಿತು ಚೆಂಡು ಹಿಡಿಯುವವರು) ಆ್ಯಡ್ಲಿ ರಚ್‌ಮನ್ 2022ರ ಮೇ 21ರಂದು ಮೊದಲ ಬಾರಿ ಮೈದಾನಕ್ಕೆ ಇಳಿದರು. ಪಂದ್ಯ ಆರಂಭವಾಗುವ ಮುನ್ನ ಅವರು ತಮ್ಮ ಜಾಗದಲ್ಲಿ ನಿಂತು, ಕ್ರೀಡಾಂಗಣವನ್ನು ಒಂದು ಸುತ್ತು ಕಣ್ತುಂಬ ನೋಡಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಬರುವವರೆಗೆ ತಂಡ 16 ಗೆದ್ದು 24 ಸೋತಿತ್ತು. ಬಂದ ಮೇಲೆ 67 ಗೆದ್ದು 55 ಸೋತಿತು. ಆಗಸ್ಟಿನ ಕೊನೆಯ ದಿನ, ಅದೇ 2019ರ ಡ್ರಾಫ್ಟಿನಲ್ಲಿ 42ನೆಯವರಾಗಿ ಆಯ್ಕೆಯಾಗಿದ್ದ ಗನ್ನರ್ ಹೆಂಡರ್ಸನ್ ಬಂದರು. 2023ರಲ್ಲಿ ತಂಡ 101 ಪಂದ್ಯ ಗೆದ್ದಿತು, ಹೆಂಡರ್ಸನ್ ವರ್ಷದ ಶ್ರೇಷ್ಠ ಹೊಸ ಆಟಗಾರರೆಂದು ಸರ್ವಾನುಮತದಿಂದ ಆಯ್ಕೆಯಾದರು. ಸೆಪ್ಟೆಂಬರ್ 26ರಂದು ಬ್ರೂಕ್ಸ್ ರಾಬಿನ್‌ಸನ್ ತೀರಿಕೊಂಡರು; ಎರಡು ದಿನಗಳ ಬಳಿಕ ನೂರನೆಯ ಗೆಲುವಿನೊಡನೆ ತಂಡ ವಿಭಾಗದ ಪ್ರಶಸ್ತಿ ಗೆದ್ದಿತು. ಒಂದೇ ವಾರದಲ್ಲಿ ಊರು ಅತ್ತದ್ದೂ ಉಂಟು, ಕುಣಿದದ್ದೂ ಉಂಟು.

ಇನ್ನು ಎಳೆಯ ಆಟಗಾರರ ಇಳಿತದ ವಿಷಯ. ಬೇಸ್‌ಬಾಲಿನಲ್ಲಿ ಹತ್ತರಲ್ಲಿ ಮೂರು ಬಾರಿ ಹಿಟ್ (ಚೆಂಡು ಬಾರಿಸಿ ಬೇಸ್ ತಲುಪುವುದು) ಗಳಿಸಿದವನು ಉತ್ತಮ ಬ್ಯಾಟರ್. ಅಂದರೆ ಏಳು ಬಾರಿ ಸೋಲುವುದು ಅವನ ದಿನನಿತ್ಯದ ಪಾಡು. ಹೊಸಬ ಬಂದ ಮೊದಲ ವಾರಗಳಲ್ಲಿ ಎದುರಾಳಿ ತಂಡಗಳು ಅವನ ಪ್ರತಿ ಹೊಡೆತದ ವಿಡಿಯೊ ನೋಡಿ, ಯಾವ ಚೆಂಡು ಅವನಿಗೆ ಒಗ್ಗದು ಎಂಬುದನ್ನು ಪತ್ತೆಹಚ್ಚಿ, ಅದನ್ನೇ ಪದೇ ಪದೇ ಎಸೆಯುತ್ತವೆ. ಅವನು ಅದಕ್ಕೆ ಉತ್ತರ ಕಂಡುಕೊಳ್ಳಬೇಕು, ಅವರು ಬೇರೊಂದನ್ನು ಹುಡುಕುತ್ತಾರೆ, ಅವನು ಮತ್ತೆ ಬದಲಾಗಬೇಕು. 162 ಪಂದ್ಯಗಳ ಸೀಸನ್ನಿನಲ್ಲಿ ಈ ಕೊಡುಕೊಳು ಹೆಚ್ಚುಕಡಿಮೆ ಪ್ರತಿದಿನ, ಸಾವಿರಾರು ಜನರ ಕಣ್ಣೆದುರಿಗೆ ನಡೆಯುತ್ತದೆ. 2022ರ ಡ್ರಾಫ್ಟಿನ ಮೊದಲ ಆಯ್ಕೆಯಾದ ಜಾಕ್ಸನ್ ಹಾಲಿಡೇ ಅವರನ್ನೇ ನೋಡಿ. 2024ರ ಏಪ್ರಿಲ್ 10ರಂದು, ಇಪ್ಪತ್ತನೆಯ ವಯಸ್ಸಿನಲ್ಲಿ ಅವರು ತಂಡಕ್ಕೆ ಬಂದರು. ಇಡೀ ದೇಶದ ಎಳೆಯ ಆಟಗಾರರಲ್ಲಿ ಅಗ್ರಗಣ್ಯರೆಂಬ ಹೆಸರು ಬೆನ್ನಿಗಿತ್ತು. ಮೊದಲ 34 ಅವಕಾಶಗಳಲ್ಲಿ ಗಳಿಸಿದ್ದು ಎರಡೇ ಹಿಟ್. 18 ಬಾರಿ ಸ್ಟ್ರೈಕ್ ಔಟ್, ಅಂದರೆ ಚೆಂಡು ಬಾರಿಸಲಾಗದೆ ಮೂರು ಸ್ಟ್ರೈಕಿಗೆ ಔಟ್. ತಿಂಗಳು ತುಂಬುವ ಮೊದಲೇ ನಾರ್ಫಕ್‌ಗೆ ಹಿಂದಿರುಗಿದರು. ಜುಲೈ 31ರಂದು ಮತ್ತೆ ಕರೆ ಬಂತು. ಅಂದು ಮೂರೂ ಬೇಸ್‌ಗಳಲ್ಲಿ ಓಟಗಾರರಿದ್ದಾಗ ಅವರು ಬಾರಿಸಿದ ಚೆಂಡು 439 ಅಡಿ ಹಾರಿ, ಗೋಡೆಯಾಚೆಯ ಯೂಟಾ ಬೀದಿಯಲ್ಲಿ ಬಿತ್ತು. ಅವರ ಮೊದಲ ಹೋಮ್ ರನ್ ಅದು. ಅಲ್ಲಿಂದ ಮುಂದೆ ಎಲ್ಲವೂ ಸುಗಮವಾಯಿತೆಂದು ತಿಳಿಯಬೇಡಿ. ಆ ವರ್ಷದ ಉಳಿದ ವಾರಗಳಲ್ಲಿಯೂ ಅವರು ಪರದಾಡಿದರು. ಏಪ್ರಿಲಿನ ಆ ಎರಡು ವಾರಗಳನ್ನು ಕಂಡವರಿಗೆ ಮಾತ್ರ ಜುಲೈಯ ಆ ಒಂದು ಹೊಡೆತದ ತೂಕ ಪೂರ್ತಿಯಾಗಿ ತಿಳಿಯುತ್ತದೆ ಎಂಬುದಕ್ಕಾಗಿ ಇಷ್ಟು ಹೇಳಿದೆ.

ಪ್ಲೇಆಫ್ ಪಂದ್ಯಗಳ ಕಥೆ ಕಹಿಯಾದದ್ದು. 2023ರಲ್ಲಿ ಟೆಕ್ಸಸ್ ಎದುರು ಮೂರಕ್ಕೆ ಮೂರೂ ಸೋತರು. 2024ರಲ್ಲಿ ಕಾನ್ಸಸ್ ಸಿಟಿ ಎದುರು ಎರಡಕ್ಕೆ ಎರಡೂ ಸೋತರು. ಮೊದಲ ಪಂದ್ಯ 1-0, ಎರಡನೆಯದು 2-1. ಆ ಎರಡನೆಯ ಪಂದ್ಯದ ಐದನೆಯ ಇನಿಂಗ್ಸ್ ಅನೇಕರ ಮನಸ್ಸಿನಿಂದ ಇನ್ನೂ ಮಾಸಿಲ್ಲ. ಅಂಕ 1-1, ಮೂರೂ ಬೇಸ್ ತುಂಬಿದ್ದವು, ಬ್ಯಾಟು ಹಿಡಿದವರು ಮೊದಲ ಪೂರ್ಣ ವರ್ಷ ಆಡುತ್ತಿದ್ದ ಕಾಲ್ಟನ್ ಕೌಸರ್. ಒಳಕ್ಕೆ ನುಗ್ಗಿದ ಚೆಂಡು ಅವರ ಎಡಗೈಗೆ ಬಡಿದು ಮೂಳೆ ಮುರಿಯಿತು. ಅವರು ಸುಮ್ಮನೆ ನಿಂತಿದ್ದರೆ ನಿಯಮದಂತೆ ಒಂದು ರನ್ ತಾನಾಗಿಯೇ ಬರುತ್ತಿತ್ತು. ಆದರೆ ಅವರು ಬ್ಯಾಟು ಬೀಸಿಬಿಟ್ಟಿದ್ದರು. ಬೀಸಿದ ಮೇಲೆ ಅದು ಮೂರನೆಯ ಸ್ಟ್ರೈಕ್, ಅವರು ಔಟ್. ಒಬ್ಬ ಹುಡುಗನ ಆತುರ, ಆತನ ಮುರಿದ ಕೈ, ತಂಡದ ಸೋಲು ಎಲ್ಲವೂ ಒಂದೇ ಕ್ಷಣದಲ್ಲಿ ಕೂಡಿಬಂದವು. ಅಂದು ಅಭಿಮಾನಿಗಳ ದೊಡ್ಡ ಪ್ರಶ್ನೆ ಕೌಸರ್ ಅವರ ಬಗ್ಗೆ ಇರಲಿಲ್ಲ. ಎರಡು ಪಂದ್ಯಗಳ 18 ಇನಿಂಗ್ಸ್‌ಗಳಲ್ಲಿ ಇಡೀ ತಂಡ ಒಂದೇ ಒಂದು ರನ್ ಗಳಿಸಿತಲ್ಲ, ಇಂಥ ಘಳಿಗೆಯಲ್ಲಿ ಹುಡುಗರ ಬೆನ್ನಿಗೆ ನಿಲ್ಲಬಲ್ಲ ಅನುಭವಿ ಬ್ಯಾಟರ್‌ಗಳನ್ನು ಯಾಕೆ ತರಲಿಲ್ಲ ಎಂದು ಅವರು ಕೇಳಿದರು.

ಆ ಪ್ರಶ್ನೆಗೆ ಉತ್ತರ ಬರಲಿಲ್ಲ. 2024ರ ಡಿಸೆಂಬರಿನಲ್ಲಿ ತಂಡದ ಮುಖ್ಯ ಪಿಚರ್ (ಚೆಂಡು ಎಸೆಯುವವರು) ಕಾರ್ಬಿನ್ ಬರ್ನ್ಸ್ ಅರಿಜೋನಾಕ್ಕೆ ಹೋದರು. ಅವರ ಜಾಗ ತುಂಬಲು ಒಂದು ವರ್ಷದ ಕರಾರಿನ ಮೇಲೆ ಕರೆತಂದವರಲ್ಲಿ 41 ವರ್ಷದ ಚಾರ್ಲಿ ಮಾರ್ಟನ್ ಒಬ್ಬರು. 2025ರ ಮೇ ಮಧ್ಯದ ಹೊತ್ತಿಗೆ 15 ಗೆಲುವು, 28 ಸೋಲು. ಸೋಲಿನ ವರ್ಷಗಳನ್ನೆಲ್ಲ ಹುಡುಗರೊಡನೆ ಕಳೆದಿದ್ದ ಮ್ಯಾನೇಜರ್ (ಮುಖ್ಯ ತರಬೇತುದಾರ) ಬ್ರಾಂಡನ್ ಹೈಡ್ ಅವರನ್ನು ತೆಗೆದುಹಾಕಲಾಯಿತು. ರಚ್‌ಮನ್ ಗಾಯಗಳಿಂದಾಗಿ ವರ್ಷದ ಹಲವು ವಾರ ಆಡಲಾಗಲಿಲ್ಲ. ಹಿಂದಿನ ವರ್ಷ 37 ಹೋಮ್ ರನ್ ಬಾರಿಸಿದ್ದ ಹೆಂಡರ್ಸನ್ 17ಕ್ಕೆ ಇಳಿದರು. ಜುಲೈ ಕೊನೆಗೆ, 13ನೆಯ ಸುತ್ತಿನಲ್ಲಿ ಆಯ್ಕೆಯಾಗಿ ಎಲ್ಲ ಕೆಟ್ಟ ವರ್ಷಗಳನ್ನೂ ಕಂಡಿದ್ದ ಸೆಡ್ರಿಕ್ ಮಲ್ಲಿನ್ಸ್ ಅವರನ್ನು ನ್ಯೂಯಾರ್ಕಿಗೆ ಕೊಡಲಾಯಿತು. ವರ್ಷ ಮುಗಿದಾಗ 75 ಗೆಲುವು, 87 ಸೋಲು. ಕಟ್ಟಡ ಪೂರ್ತಿಯಾಯಿತೆಂದು ನಂಬಿದ್ದ ಜನರಿಗೆ ಇದು ದೊಡ್ಡ ಪೆಟ್ಟು. ಎಳೆಯ ಆಟಗಾರರು ವರ್ಷ ವರ್ಷ ಒಂದೇ ದಿಕ್ಕಿನಲ್ಲಿ ಮೇಲೇರುತ್ತಾರೆಂದು ಹಾಕಿದ ಲೆಕ್ಕಾಚಾರವೇ ಇಲ್ಲಿ ಕುಸಿಯಿತು ಎಂಬುದು ನನ್ನ ತೀರ್ಮಾನ. ಅವರು ಹಾಗೆ ಏರುವುದಿಲ್ಲ ಎಂಬುದನ್ನು ಬೋವಿಯ ಬೆಂಚುಗಳ ಮೇಲೆ ಕುಳಿತವರು ಮೊದಲೇ ಬಲ್ಲವರಾಗಿದ್ದರು.

ಅಂಥ ಸೋತ ವರ್ಷದ ಸೆಪ್ಟೆಂಬರ್ 6ರ ರಾತ್ರಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. 1995ರ ಅದೇ ದಿನ ರಿಪ್ಕನ್ ತಮ್ಮ ಸತತ 2,131ನೆಯ ಪಂದ್ಯವಾಡಿ ಲೂ ಗೆರಿಗ್ ಅವರ ದಾಖಲೆ ಮುರಿದಿದ್ದರು. ಮೂವತ್ತು ವರ್ಷ ತುಂಬಿದ ನೆನಪಿಗೆ ರಿಪ್ಕನ್ ಅವರೂ ಕ್ರೀಡಾಂಗಣದಲ್ಲಿದ್ದರು. ಎದುರಾಳಿ, ಹಿಂದಿನ ವರ್ಷದ ಚಾಂಪಿಯನ್ ಲಾಸ್ ಏಂಜಲಿಸ್ ಡಾಡ್ಜರ್ಸ್. ಅವರ ಪಿಚರ್ ಯೋಶಿನೊಬು ಯಮಮೋಟೊ ಕೊನೆಯದಾದ ಒಂಬತ್ತನೆಯ ಇನಿಂಗ್ಸಿನ ಮೂರು ವಿಕೆಟ್ಟುಗಳಲ್ಲಿ ಎರಡನ್ನು, ಕ್ರಿಕೆಟಿನ ಮಾತಿನಲ್ಲಿಯೇ ಹೇಳುತ್ತಿದ್ದೇನೆ, ಉರುಳಿಸಿದ್ದರು. ಓರಿಯೋಲ್ಸ್ ಒಂದೂ ಹಿಟ್ ಗಳಿಸಿರಲಿಲ್ಲ. ಇನ್ನೊಬ್ಬನನ್ನು ಔಟ್ ಮಾಡಿದ್ದರೆ ಅದು ದಾಖಲೆಯ ಪುಸ್ತಕ ಸೇರುತ್ತಿತ್ತು. ಬ್ಯಾಟು ಹಿಡಿದು ಬಂದವರು ಹಾಲಿಡೇ. ಯಮಮೋಟೊ ಅವರ 112ನೆಯ ಎಸೆತವನ್ನು ಅವರು ಬಲಬದಿಯ ಗೋಡೆಯಾಚೆಗೆ ದಾಟಿಸಿದರು. ಅಂಕ 3-1. ಯಮಮೋಟೊ ಹೊರನಡೆದರು. ಬಳಿಕ ಒಂದು ಡಬಲ್ (ಎರಡು ಬೇಸ್‌ಗಳ ಹಿಟ್) ಬಂತು, ಒಬ್ಬರಿಗೆ ಚೆಂಡು ತಾಗಿತು, ವಾಕ್ (ನಾಲ್ಕು ಕೆಟ್ಟ ಎಸೆತಗಳಿಗೆ ಸಿಗುವ ಉಚಿತ ಬೇಸ್) ಮೂಲಕ ಇನ್ನೊಂದು ರನ್ ಬಂತು, ಕೊನೆಗೆ ಇಮ್ಯಾನುಯೆಲ್ ರಿವೆರಾ ಬಾರಿಸಿದ ಹಿಟ್ಟಿಗೆ ಇಬ್ಬರು ಓಡಿಬಂದು ಓರಿಯೋಲ್ಸ್ 4-3ರಿಂದ ಗೆದ್ದಿತು. ಪಟ್ಟಿಯ ಸ್ಥಾನದಲ್ಲಿ ಆ ಗೆಲುವಿನಿಂದ ಏನೂ ಬದಲಾಗಲಿಲ್ಲ. ನಿಮ್ಮ ಮಕ್ಕಳಲ್ಲಿ ಕೆಲವರು ಅಂದು ಕಿತ್ತಳೆ ಅಂಗಿ ತೊಟ್ಟು ಅಲ್ಲಿದ್ದರೆಂದು ಈ ಸಭೆಗೆ ಬರುವ ಮೊದಲು ಕೇಳಿ ತಿಳಿದೆ. ಅವರನ್ನು ವಿಚಾರಿಸಿ ನೋಡಿ, ಆ ವರ್ಷ ತಂಡ ಎಷ್ಟನೆಯ ಸ್ಥಾನದಲ್ಲಿತ್ತೆಂದು ಅವರಿಗೆ ನೆನಪಿರಲಾರದು, ಆ ಹೊಡೆತ ಮಾತ್ರ ನೆನಪಿರುತ್ತದೆ.

ಇದರ ಹಿಂದಿನ ರಾತ್ರಿಯೂ ತಂಡ ಅದೇ ಡಾಡ್ಜರ್ಸ್ ವಿರುದ್ಧ ಕೊನೆಯ ಹೊಡೆತದಲ್ಲಿ ಗೆದ್ದಿತ್ತು. ಆ ಹೋಮ್ ರನ್ ಬಾರಿಸಿದವರು ಅದಕ್ಕೆ ಮೂರು ವಾರ ಮೊದಲಷ್ಟೇ ಬಂದಿದ್ದ ಕ್ಯಾಚರ್ ಸ್ಯಾಮುಯೆಲ್ ಬಸಾಯೊ. ಅವರು ಬಂದ ಒಂದೇ ವಾರದಲ್ಲಿ ಆಡಳಿತವು ಅವರೊಡನೆ ಎಂಟು ವರ್ಷಗಳ, 67 ದಶಲಕ್ಷ ಡಾಲರುಗಳ ಒಪ್ಪಂದ ಮಾಡಿಕೊಂಡಿತು. ಹೊಸಬರನ್ನು ದೀರ್ಘಕಾಲ ಉಳಿಸಿಕೊಳ್ಳುವ ದಿಕ್ಕಿನಲ್ಲಿ ಅದು ಇಲಾಯಸ್ ಅವರ ಕಾಲದ ಮೊದಲ ದೊಡ್ಡ ಹೆಜ್ಜೆ; ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ನಿಯಮದಂತೆ ರಚ್‌ಮನ್ 2027ರ ಸೀಸನ್ ಮುಗಿದೊಡನೆ, ಹೆಂಡರ್ಸನ್ 2028ರ ಸೀಸನ್ ಮುಗಿದೊಡನೆ, ಬೇಕಾದ ತಂಡಕ್ಕೆ ಹೋಗಲು ಸ್ವತಂತ್ರರಾಗುತ್ತಾರೆ. 115 ಸೋಲುಗಳಿಗೆ ಪ್ರತಿಯಾಗಿ ಊರಿಗೆ ಸಿಕ್ಕವರು ರಚ್‌ಮನ್. ಅದೇ ವರ್ಷದ ಡ್ರಾಫ್ಟಿನಲ್ಲಿ ಬಂದವರು ಹೆಂಡರ್ಸನ್. ಮಚಾಡೊ ಹೋದಂತೆ, ಮ್ಯಾನ್ಸೀನಿ ಹೋದಂತೆ, ಮಲ್ಲಿನ್ಸ್ ಹೋದಂತೆ ಇವರೂ ಹೋದರೆ, ಇನ್ನೊಂದು ಸುತ್ತು ಹೊಸ ಹುಡುಗರಿಗಾಗಿ ಕಾಯಿರಿ ಎಂದು ಜನರಿಗೆ ಹೇಳುವ ಅಧಿಕಾರ ಈ ಆಡಳಿತಕ್ಕೆ ಇರುವುದಿಲ್ಲ. ಕನಿಷ್ಠ ಹೆಂಡರ್ಸನ್ ಅವರೊಡನೆಯಾದರೂ ದೀರ್ಘ ಒಪ್ಪಂದ ಆಗಲೇಬೇಕು, ಅದೂ 2028ರವರೆಗೆ ಕಾಯದೆ ಆಗಬೇಕು. ಸೀಸನ್ ಟಿಕೆಟ್ ನವೀಕರಿಸುವಾಗ ತಂಡದವರು ನಿಮ್ಮ ಅಭಿಪ್ರಾಯ ಕೇಳುತ್ತಾರಲ್ಲ, ಅಲ್ಲಿ ಇದನ್ನೇ ಬರೆಯಿರಿ.